ಭಾನುವಾರದ ಬೆಟ್ಟನಡಿಗೆಗೆ ಬರುವವರು: ಮಾಡಬೇಕಾದ್ದು, ಮಾಡಬಾರದ್ದು

ಸ್ಪೇನಿನ ಪೂರ್ವ ಕರಾವಳಿಯಲ್ಲಿ, ವಲೆನ್ಸಿಯಾಕ್ಕೂ ಅಲಿಕಾಂತೆಗೂ ನಡುವೆ, ಕಡಲಿಗೆ ಬೆನ್ನು ಕೊಟ್ಟು ನಿಂತಿರುವ ಬೆಟ್ಟಗಳ ಸೀಮೆಯೇ ಮರೀನಾ ಆಲ್ತಾ. ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗೆ ಪ್ರತಿ ಭಾನುವಾರ ನಮ್ಮ ತಂಡ ನಡೆಯುವುದು ಇಲ್ಲಿ, ಇದರ ಆಸುಪಾಸಿನ ಬೆಟ್ಟಗಳಲ್ಲಿ. ಬೇಸಿಗೆಯಲ್ಲಿ ಈ ಬೆಟ್ಟಗಳಲ್ಲಿ ನೆರಳಿಲ್ಲ, ನೀರಿಲ್ಲ, ಕಾಳ್ಗಿಚ್ಚಿನ ಭಯ ಬೇರೆ. ಹಾಗಾಗಿ ಈ ಭಾಗದಲ್ಲಿ ವಾರ ವಾರ ನಡೆಯುವ ತಂಡಗಳಿಗೆಲ್ಲ ಚಳಿಗಾಲವೇ ಹಂಗಾಮು. ಈ ಸಲ ಹೊಸಬರು ಹೆಚ್ಚಾಗಿದ್ದಾರೆ. ಕೆಲಸಕ್ಕೆಂದು ಬಂದ ಕನ್ನಡದ ಸಂಸಾರಗಳಿವೆ, ಓದಲು ಬಂದ ಹುಡುಗ ಹುಡುಗಿಯರಿದ್ದಾರೆ, ಮಕ್ಕಳ ಮನೆಗೆ ಎರಡು ಮೂರು ತಿಂಗಳಿಗೆಂದು ಬಂದ ಅಪ್ಪ ಅಮ್ಮಂದಿರಿದ್ದಾರೆ. ಎಲ್ಲರಿಗೂ ಸ್ವಾಗತ. ಆದರೆ ಇದನ್ನು ಪೂರ್ತಿ ಓದಿ, ಒಪ್ಪಿಕೊಂಡವರು ಮಾತ್ರ ಬನ್ನಿ.

ಕುಮಾರ ಪರ್ವತ ಹತ್ತಿದ್ದೇನೆ, ಕುದುರೆಮುಖ ನೋಡಿದ್ದೇನೆ, ಇದೇನು ಮಹಾ ಎನ್ನುವವರಿಗೆ ಮೊದಲೇ ಒಂದು ಮಾತು. ದೇನಿಯಾ ಊರಿನ ನೆತ್ತಿಯ ಮೇಲಿರುವ ಮೊಂಗೋ ಬೆಟ್ಟದ ಎತ್ತರ 753 ಮೀಟರ್ ಮಾತ್ರ, ನಿಜ. ಆದರೆ ಅದರ ಹತ್ತುವಿಕೆ ಹೆಚ್ಚುಕಮ್ಮಿ ಕಡಲಮಟ್ಟದಿಂದಲೇ ಶುರುವಾಗುತ್ತದೆ. ಕಾಲಿನಡಿ ಇರುವುದು ನಮ್ಮ ಘಟ್ಟದ ಮೆದುಮಣ್ಣಲ್ಲ. ಮಳೆನೀರು ಕೊರೆದು ಕತ್ತಿಯಂತೆ ಚೂಪಾಗಿಸಿದ ಸುಣ್ಣಕಲ್ಲು. ಎಡವಿ ಕೈಯೂರಿದರೆ ಅಂಗೈ ಸೀಳುತ್ತದೆ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಘಟ್ಟದಲ್ಲಿ ಅರಣ್ಯ ಇಲಾಖೆಯವರು ಗೇಟಿನಲ್ಲಿ ಹೆಸರು ಬರೆಸಿಕೊಳ್ಳುತ್ತಾರೆ, ಯಾರು ಹೋದರು, ಯಾರು ಇಳಿದರು ಎಂಬುದಕ್ಕೆ ಲೆಕ್ಕವಿರುತ್ತದೆ. ಇಲ್ಲಿಯ ಬಹುಪಾಲು ದಾರಿಗಳಿಗೆ ಗೇಟಿಲ್ಲ, ಕಾವಲಿಲ್ಲ, ಚೀಟಿಯಿಲ್ಲ. ಬೆಟ್ಟಕ್ಕೆ ಹೋದ ನಿಮ್ಮನ್ನು ಎಣಿಸುವವರು ಜೊತೆಯಲ್ಲಿ ನಡೆಯುವವರು ಮಾತ್ರ. ಈ ಸೂಚನೆಯ ಅರ್ಧಕ್ಕರ್ಧ ಅದರ ಬಗ್ಗೆಯೇ ಇದೆ.

ಹೊರಡುವ ಮೊದಲು

ಬರುತ್ತೀರೆಂದು ಶುಕ್ರವಾರ ರಾತ್ರಿಯೊಳಗೆ ತಿಳಿಸಿ. ಭಾನುವಾರ ಬೆಳಿಗ್ಗೆ ಹೇಳದೆ ಕೇಳದೆ ಬಂದು ನಿಲ್ಲಬೇಡಿ. ಬರುತ್ತೇನೆಂದು ಹೇಳಿ ಬಾರದಿರುವುದೂ ತಪ್ಪೇ. ನಿಮಗಾಗಿ ಇಪ್ಪತ್ತು ಜನ ಹಳ್ಳಿಯ ಚೌಕದಲ್ಲಿ ಚಳಿಯಲ್ಲಿ ಕಾಯುತ್ತಾರೆ. ಹೆಸರಿನ ಜೊತೆ ಮನೆಯವರೊಬ್ಬರ ಫೋನ್ ನಂಬರ್ ಕೊಡಿ. ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಉಬ್ಬಸ, ಮಂಡಿನೋವು ಏನೇ ಇರಲಿ, ಮುಂದಾಳಿಗೆ ಹೇಳಿ. ನಾಲ್ಕು ಜನರ ಎದುರು ಹೇಳಬೇಕಿಲ್ಲ, ಪಕ್ಕಕ್ಕೆ ಕರೆದು ಹೇಳಿದರೆ ಸಾಕು. ಬಚ್ಚಿಡುವುದು ಮಾತ್ರ ಕೂಡದು.

ಹೊರಡುವ ಸಮಯ ಎಂಟೂವರೆ ಎಂದರೆ ಎಂಟೂವರೆಯೇ. ಡಿಸೆಂಬರಿನಲ್ಲಿ ಈ ಭಾಗದಲ್ಲಿ ಸೂರ್ಯ ಹುಟ್ಟುವುದು ಎಂಟು ಗಂಟೆ ದಾಟಿದ ಮೇಲೆ, ಮುಳುಗುವುದು ಆರರೊಳಗೆ. ಕಣಿವೆಯ ತಳದಲ್ಲಿ ನಾಲ್ಕೂವರೆಗೇ ಬಿಸಿಲು ಹೋಗಿರುತ್ತದೆ, ಅದರ ಬೆನ್ನಿಗೇ ಚಳಿ ಇಳಿಯುತ್ತದೆ. ಬೆಳಿಗ್ಗೆ ಕಳೆದ ಅರ್ಧ ಗಂಟೆಯನ್ನು ಸಂಜೆ ಕತ್ತಲಲ್ಲಿ, ಸವೆದ ಕಲ್ಲಿನ ಇಳಿಜಾರಿನಲ್ಲಿ ತೀರಿಸಬೇಕಾಗುತ್ತದೆ. ಹತ್ತು ನಿಮಿಷಕ್ಕಿಂತ ಹೆಚ್ಚು ತಡವಾದವರಿಗೆ ಕಾಯುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಮುಂದಿನ ವಾರ ಬನ್ನಿ.

ಕಾಲಿಗೆ ಹಲ್ಲಿರುವ ಅಟ್ಟೆಯ, ಮೊದಲೇ ಹಾಕಿ ರೂಢಿಯಾದ ಬೂಟು ಬೇಕು. ಜಾಗಿಂಗ್ ಶೂ, ಕ್ಯಾನ್ವಾಸ್ ಶೂ, ಅಂದೇ ಪೆಟ್ಟಿಗೆಯಿಂದ ತೆಗೆದ ಹೊಸ ಬೂಟು, ಇವುಗಳಲ್ಲಿ ಬಂದವರನ್ನು ಚೌಕದಿಂದಲೇ ವಾಪಸು ಕಳಿಸುತ್ತೇವೆ. ಹತ್ತಿಯ ಬನಿಯನ್ನಿನ ಮೇಲೆ ಒಂದೇ ಒಂದು ದಪ್ಪ ಜಾಕೆಟ್ ಹಾಕಿಕೊಂಡು ಬರಬೇಡಿ. ಹತ್ತುವಾಗ ಬೆವರಿ ಒದ್ದೆಯಾದ ಹತ್ತಿಬಟ್ಟೆ ಬೆಟ್ಟದ ತುದಿಯ ಗಾಳಿಗೆ ಸಿಕ್ಕಿದರೆ ಐದು ನಿಮಿಷದಲ್ಲಿ ಹಲ್ಲು ಕಟಕಟಿಸುತ್ತದೆ. ತೆಳುವಾದ ಪದರಗಳಿರಲಿ, ಮೇಲೆ ಗಾಳಿ ತಡೆಯುವ ಅಂಗಿಯಿರಲಿ, ಕಿವಿ ಮುಚ್ಚುವ ಟೋಪಿಯಿರಲಿ. ಸಾವಿರ ಮೀಟರ್ ಏರಿದರೆ ತಾಪಮಾನ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ದೇನಿಯಾದ ಕಡಲತಡಿಯಲ್ಲಿ ಜನ ಬರೀ ಅಂಗಿಯಲ್ಲಿ ಕುಳಿತು ಕಾಫಿ ಕುಡಿಯುವ ದಿನವೇ ಆಯ್ತಾನಾ ಬೆಟ್ಟದ ಉತ್ತರದ ಮಗ್ಗುಲಲ್ಲಿ ಮಂಜುಗಡ್ಡೆ ಇರಬಹುದು. ಆ ಮಗ್ಗುಲಿಗೆ ಚಳಿಗಾಲದಲ್ಲಿ ಬಿಸಿಲೇ ತಾಕುವುದಿಲ್ಲ. ಬೆಳಿಗ್ಗೆ ಬಿದ್ದ ಇಬ್ಬನಿಯಿಂದ ಕಲ್ಲು ಮಧ್ಯಾಹ್ನವೂ ಜಾರುತ್ತಿರುತ್ತದೆ.

ಒಂದೂವರೆ ಲೀಟರ್ ನೀರು ಪ್ರತಿಯೊಬ್ಬರ ಚೀಲದಲ್ಲೂ ಇರಬೇಕು, ಚಳಿ ಇದೆಯೆಂದು ಕಡಿಮೆ ಮಾಡಬಾರದು. ದಾರಿಯಲ್ಲಿ ಕಲ್ಲಿನ ತೊಟ್ಟಿಗೆ ಬೀಳುವ ಚಿಲುಮೆಗಳು ಸಿಗುತ್ತವೆ. ಅಲ್ಲಿ ‘ಆಗ್ವಾ ನೋ ಪೊತಾಬ್ಲೆ’ ಎಂದು ಬರೆದಿದ್ದರೆ ಅದು ಕುಡಿಯುವ ನೀರಲ್ಲ. ಏನೂ ಬರೆಯದಿದ್ದರೂ ಊರವರನ್ನು ಕೇಳದೆ ಕುಡಿಯಬೇಡಿ. ತಲೆಗೆ ಕಟ್ಟುವ ಟಾರ್ಚು, ಸೀಟಿ, ತೆಳ್ಳನೆಯ ಬೆಳ್ಳಿಹಾಳೆಯ ಹೊದಿಕೆ, ನಿಮ್ಮ ಔಷಧಿ, ಪೂರ್ತಿ ಚಾರ್ಜಾದ ಫೋನು ಚೀಲದಲ್ಲಿರಲಿ. ಚಾರಣದ ಕೋಲು ಐವತ್ತು ದಾಟಿದವರಿಗೆ ಕಡ್ಡಾಯ, ಉಳಿದವರಿಗೆ ನಮ್ಮ ಒತ್ತಾಯ.

ವಿಮೆಯ ವಿಷಯ. ಇಲ್ಲಿ ನೆಲೆಸಿದವರು ಪರ್ವತಾರೋಹಣ ಫೆಡರೇಷನ್ನಿನ ವಾರ್ಷಿಕ ಪರವಾನಗಿ ಮಾಡಿಸಿಕೊಳ್ಳಿ, ಅಪಘಾತ ಮತ್ತು ರಕ್ಷಣೆಯ ವಿಮೆ ಅದರೊಳಗೇ ಬರುತ್ತದೆ. ಊರಿನಿಂದ ಬಂದ ಹಿರಿಯರ ಬಳಿ ಷೆಂಗೆನ್ ವೀಸಾಕ್ಕೆಂದು ಮಾಡಿಸಿದ 30,000 ಯೂರೋ ಮೊತ್ತದ ಪ್ರವಾಸ ವಿಮೆ ಇರುತ್ತದೆ. ಅದು ಆಸ್ಪತ್ರೆ ಖರ್ಚು ಕೊಡುತ್ತದೆ ಎಂದುಕೊಂಡು ಸುಮ್ಮನಾಗಬೇಡಿ. ಬೆಟ್ಟ ಹತ್ತುವುದನ್ನು ಹೊರಗಿಡುವ ಷರತ್ತು ಸಣ್ಣಕ್ಷರದಲ್ಲಿ ಇದೆಯೇ ಎಂದು ಮಕ್ಕಳು ಕೂತು ಓದಬೇಕು. ಓದಿದ ಮೇಲೆ ಅಪ್ಪ ಅಮ್ಮನನ್ನು ಕರೆತನ್ನಿ.

ತಂಡದೊಳಗೆ

ಮುಂದೆ ಒಬ್ಬರು, ಕಡೆಯಲ್ಲಿ ಒಬ್ಬರು, ಇಬ್ಬರೂ ದಾರಿ ಬಲ್ಲವರು. ಮುಂದಿರುವವರನ್ನು ಯಾರೂ ದಾಟಬಾರದು, ಕಡೆಯವರಿಗಿಂತ ಯಾರೂ ಹಿಂದುಳಿಯಬಾರದು. ನಡುವಿನ ವೇಗ ಎಷ್ಟು ಎಂದರೆ, ಅತಿ ನಿಧಾನವಾಗಿ ನಡೆಯುವವರದು ಎಷ್ಟೋ ಅಷ್ಟು. ಇದು ಬೇಡ ಎನ್ನುವ ಗಟ್ಟಿಕಾಲಿನವರಿಗೆ ಬೇರೆ ತಂಡಗಳಿವೆ, ಅಲ್ಲಿಗೆ ಹೋಗಲಿ, ನಮಗೇನೂ ಬೇಸರವಿಲ್ಲ.

ಮುಂದಿನವರು ನಿಂತು ಹಿಂದಿನವರು ಬಂದು ಸೇರಿದ ಕೂಡಲೇ ‘ನಡೀರಿ’ ಎಂದು ಹೊರಟುಬಿಡುವುದು ಬಹಳ ಕಡೆ ನಡೆಯುತ್ತದೆ. ಹಾಗೆ ಮಾಡಬೇಡಿ. ಹೀಗಾದಾಗ ಗಟ್ಟಿಗರಿಗೆ ಹತ್ತು ನಿಮಿಷ ವಿಶ್ರಾಂತಿ ಸಿಕ್ಕಿರುತ್ತದೆ, ಏದುಸಿರು ಬಿಡುತ್ತ ಬಂದವರಿಗೆ ಒಂದು ಗುಟುಕು ನೀರಿಗೂ ಬಿಡುವಿರುವುದಿಲ್ಲ. ಸುಸ್ತಾದವರೇ ಮತ್ತೆ ಮತ್ತೆ ಸುಸ್ತಾಗುತ್ತಾರೆ, ಮಧ್ಯಾಹ್ನದ ಇಳಿಜಾರಿನಲ್ಲಿ ಬೀಳುವವರೂ ಅವರೇ. ಕಡೆಯವರು ಬಂದು, ಕುಳಿತು, ನೀರು ಕುಡಿದು, ‘ಆಯ್ತು’ ಎಂದ ಮೇಲೆಯೇ ಮುಂದಿನ ಹೆಜ್ಜೆ. ಅವರಿಗೆ ‘ಇನ್ನೇನು ಬಂತು, ಸ್ವಲ್ಪವೇ’ ಎಂದು ಸುಳ್ಳು ಧೈರ್ಯ ಹೇಳಬೇಡಿ. ಎಷ್ಟು ದೂರ ಉಳಿದಿದೆಯೋ ಅಷ್ಟನ್ನು ಹೇಳಿ.

ಪ್ರತಿ ಕವಲಿನಲ್ಲೂ ನಿಲ್ಲಿ. ನಿಮ್ಮ ಹಿಂದಿರುವವರು ನಿಮ್ಮನ್ನು ಕಂಡು, ನೀವು ಯಾವ ಕಡೆ ತಿರುಗಿದಿರಿ ಎಂಬುದನ್ನು ನೋಡುವ ತನಕ ಕದಲಬೇಡಿ. ಬಯಲಿಗೆ ಹೋಗಬೇಕಾದವರು ಕಡೆಯವರಿಗೆ ಹೇಳಿ, ಬೆನ್ನಚೀಲವನ್ನು ದಾರಿಯ ಮೇಲೇ ಇಟ್ಟು ಹೋಗಿ. ಚೀಲ ಕಂಡರೆ ಯಾರೋ ಹಿಂದಿದ್ದಾರೆ ಎಂದು ತಿಳಿಯುತ್ತದೆ. ಬಳಸಿದ ಕಾಗದವನ್ನು ಚೀಲಕ್ಕೆ ಹಾಕಿ ವಾಪಸು ತನ್ನಿ, ಕಲ್ಲಿನಡಿ ತುರುಕಬೇಡಿ. ಅದು ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ. ಕಿತ್ತಳೆ ಸಿಪ್ಪೆಗೂ ಇದೇ ನಿಯಮ.

ಅರ್ಧ ದಾರಿಯಲ್ಲಿ ‘ನಾನು ಇಲ್ಲಿಂದ ವಾಪಸು ಹೋಗುತ್ತೇನೆ’ ಎಂದು ಒಬ್ಬರೇ ಹೊರಡುವುದನ್ನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಹೋಗಲೇಬೇಕಾದರೆ ದಾರಿ ಬಲ್ಲ ಇನ್ನೊಬ್ಬರು ಜೊತೆಗೆ ಹೋಗಬೇಕು, ಕಾರಿನ ಬಳಿ ಮುಟ್ಟಿದ ಮೇಲೆ ಫೋನು ಮಾಡಬೇಕು.

ಮಳೆ, ಒಣಹಳ್ಳ

ಈ ನಿಯಮದಲ್ಲಿ ವಿನಾಯಿತಿಯಿಲ್ಲ, ಚರ್ಚೆಯೂ ಇಲ್ಲ. ಸ್ಪೇನಿನ ಹವಾಮಾನ ಸಂಸ್ಥೆ ಆಯೆಮೆತ್ ನಮ್ಮ ಸೀಮೆಗೆ ಮಳೆಯ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟರೆ ನಡಿಗೆ ರದ್ದು. ಹಳದಿ ಎಚ್ಚರಿಕೆಯಿದ್ದರೆ, ಅಥವಾ ಹಿಂದಿನ ದಿನ ಜೋರು ಮಳೆಯಾಗಿದ್ದರೆ, ಕೊರಕಲಿಗೆ ಇಳಿಯುವ ದಾರಿ ಬಿಟ್ಟು ಬೇರೆ ದಾರಿ ಹಿಡಿಯುತ್ತೇವೆ. ‘ಇಷ್ಟು ದೂರ ಕಾರು ಓಡಿಸಿಕೊಂಡು ಬಂದಿದ್ದೇವಲ್ಲ’ ಎನ್ನಬೇಡಿ.

ಕಾರಣ ಹೇಳುತ್ತೇನೆ. ವಾಲ್ ದೆ ಲಗ್ವಾರ್ ಕಣಿವೆಯಲ್ಲಿ ಫ್ಲೇಶ್ ಎಂಬ ಊರಿದೆ. ಅಲ್ಲಿಂದ ಶುರುವಾಗುವ ನಡಿಗೆ ನಮ್ಮ ವರ್ಷದ ಅತಿ ದೊಡ್ಡ ನಡಿಗೆ: ಹದಿನಾಲ್ಕು ಹದಿನೈದು ಕಿಲೋಮೀಟರ್, ಬಂಡೆಗೆ ಹೊಂದಿಸಿ ಕಲ್ಲಿನಿಂದ ಕಟ್ಟಿದ, ಊರವರ ಲೆಕ್ಕದಲ್ಲಿ 6,800 ಮೆಟ್ಟಿಲು. ಮುಸ್ಲಿಮರು ಈ ಕಣಿವೆಗಳಲ್ಲಿ ಬೇಸಾಯ ಮಾಡಿಕೊಂಡಿದ್ದ ಕಾಲದ ಹಾದಿ ಅದು. 1609ರಲ್ಲಿ ಅವರ ವಂಶದವರಾದ ಮೊರಿಸ್ಕೋಗಳನ್ನು ದೇಶದಿಂದ ಹೊರಗಟ್ಟುವ ಆಜ್ಞೆ ಬಂದಾಗ ಸಾವಿರಾರು ಜನ ಇದೇ ಕಣಿವೆಯ ಕವಾಲ್ ವೆರ್ದ್ ಬೆಟ್ಟದಲ್ಲಿ ತಡೆದು ನಿಂತು ಸೋತರು. ಖಾಲಿಯಾದ ಊರುಗಳಿಗೆ ಮಲ್ಯೋರ್ಕಾ ದ್ವೀಪದಿಂದ ಹೊಸ ಒಕ್ಕಲು ಬಂದು ಸೇರಿತು. ಮೆಟ್ಟಿಲು ಉಳಿಯಿತು. ಅದೇ ಮೆಟ್ಟಿಲಲ್ಲಿ ನಾವು ಕೊರಕಲಿನ ತಳಕ್ಕೆ ಇಳಿದು, ಒಣಗಿದ ಹೊಳೆಯ ಪಾತ್ರ ದಾಟಿ, ಎದುರಿನ ಗೋಡೆ ಹತ್ತುತ್ತೇವೆ. ಮತ್ತೆ ಇಳಿಯುತ್ತೇವೆ, ಮತ್ತೆ ದಾಟುತ್ತೇವೆ.

ಆ ಪಾತ್ರದಲ್ಲಿ ವರ್ಷದ ಬಹುಪಾಲು ದಿನ ಹನಿ ನೀರಿರುವುದಿಲ್ಲ. ಬಿಳಿ ಉರುಟುಗಲ್ಲುಗಳ ಮೇಲೆ ಕುಳಿತು ಬುತ್ತಿ ಬಿಚ್ಚೋಣ ಅನ್ನಿಸುತ್ತದೆ. ಅದು ಜಿರೋನಾ ಹೊಳೆ. ಇದೇ ಹೊಳೆ 2007ರ ಅಕ್ಟೋಬರ್ 12ರಂದು ಉಕ್ಕಿ ಕೆಳಗಿನ ಬೆನಿಯಾರ್ಬೇಚ್ ಊರಿನ ಸೇತುವೆಯನ್ನು ಕೆಡವಿತು, ಎಲ್ ವೆರ್ಜೆರ್ ಊರಿಗೆ ನುಗ್ಗಿತು. ಇನ್ನು 2024ರ ಅಕ್ಟೋಬರ್ 29ರಂದು ವಲೆನ್ಸಿಯಾ ಪ್ರಾಂತ್ಯದಲ್ಲಿ ನಡೆದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಒಣಹಳ್ಳಗಳು ಕೆಲವೇ ಗಂಟೆಗಳಲ್ಲಿ ತುಂಬಿ ಹರಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಹಲವು ಊರುಗಳಲ್ಲಿ ಮಳೆ ಬೀಳದೆಯೇ ನೀರು ಬಂತು. ಮಳೆ ಸುರಿದದ್ದು ಮೇಲಿನ ಬೆಟ್ಟಗಳಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ: ತಲೆಯ ಮೇಲೆ ನೀಲಿ ಆಕಾಶ ಇದ್ದಾಗಲೂ ಹಳ್ಳ ಬರಬಹುದು.

ಆದ್ದರಿಂದ ಒಣಹಳ್ಳದ ಪಾತ್ರದಲ್ಲಿ ಕೂರಬೇಡಿ, ಊಟ ಮಾಡಬೇಡಿ, ಫೋಟೋಗೆಂದು ಗುಂಪುಕಟ್ಟಿ ನಿಲ್ಲಬೇಡಿ. ದಾಟಿ ಮುಂದೆ ಹೋಗಿ. ಹಳ್ಳದ ಪಾತ್ರದಲ್ಲಿ ಕಾರು ನಿಲ್ಲಿಸಲೇಬೇಡಿ. ಹಳ್ಳಿಗಳ ಅಂಚಿನಲ್ಲಿ ಅಗಲವಾಗಿ, ಖಾಲಿಯಾಗಿ ಕಾಣುವ ಜಾಗ ಬಹಳ ಸಲ ಅದೇ ಆಗಿರುತ್ತದೆ. ಫ್ಲೇಶ್ ನಡಿಗೆಯಲ್ಲಿ ಸಿಗುವ ‘ಬರಾಂಕ್ ದೆ ಲಿನ್‌ಫೆರ್ನ್’ ಎಂಬ ಕೊರಕಲಿನ ಇಕ್ಕಟ್ಟಾದ ಒಳಭಾಗಕ್ಕೆ ಹೋಗಬಾರದು. ಹಗ್ಗ, ಹೆಲ್ಮೆಟ್ ಹಿಡಿದು ಇಳಿಯುವ ಪರಿಣತರ ಜಾಗ ಅದು, ಚಾರಣದ ದಾರಿಯಲ್ಲ.

ಗಾಳಿಗೂ ಇಷ್ಟೇ ಗೌರವ ಕೊಡಿ. ಬೇರ್ನಿಯಾ ಬೆಟ್ಟದ ಏಣಿನ ಮೇಲಕ್ಕೆ ತಂಡ ಹೋಗುವುದೇ ಇಲ್ಲ, ಸುತ್ತು ಹಾಕುತ್ತದೆ. ಆ ಸುತ್ತಿನಲ್ಲಿ ಬೆಟ್ಟವನ್ನು ತೂರಿ ಹೋಗುವ ಒಂದು ಬಿಲವಿದೆ. ಬಾಗಿದರೆ ಸಾಲದು, ಮೊಣಕಾಲೂರಿ ಹೋಗಬೇಕು. ಕತ್ತಲಲ್ಲಿ ಕೈಗೆ ತಣ್ಣನೆ ನೆಲ, ಬೆನ್ನಿಗೆ ಕಲ್ಲು, ಮುಂದಿರುವವರ ಬೂಟಿನ ಅಟ್ಟೆ ಬಿಟ್ಟರೆ ಏನೂ ಕಾಣುವುದಿಲ್ಲ. ಆಚೆ ತುದಿಯಲ್ಲಿ ಒಮ್ಮೆಲೇ ಆಲ್ತೆಯಾ ಕೊಲ್ಲಿಯ ಕಡಲು ತೆರೆದುಕೊಳ್ಳುತ್ತದೆ. ಅಲ್ಲೇ ಅಪಾಯ. ಹೊರಬಂದ ತಕ್ಷಣ ಎದ್ದು ನಿಂತು ಫೋನು ತೆಗೆಯಬೇಡಿ. ಕಾಲಡಿ ಇಳಿಜಾರು, ಸಡಿಲಗಲ್ಲು, ಕಡಲ ಕಡೆಯ ಗಾಳಿ. ಬದಿಗೆ ಸರಿದು, ಕುಳಿತು, ಹಿಂದಿನವರಿಗೆ ಜಾಗ ಬಿಡಿ. ಒಳಗೆ ಹೋಗುವ ಮೊದಲೇ ಚೀಲ ಕಳಚಿ ಮುಂದೆ ತಳ್ಳಿಕೊಳ್ಳಿ. ಇಕ್ಕಟ್ಟಿಗೆ ಹೆದರುವವರು ಹಿಂದಿನ ದಿನವೇ ಹೇಳಿ, ಬೇರೆ ದಾರಿ ನೋಡುತ್ತೇವೆ. ಸುತ್ತಿನಲ್ಲಿ ಸಿಗುವ ಕೋಟೆ ಎರಡನೇ ಫಿಲಿಪ್ ದೊರೆ 1562ರಲ್ಲಿ ಕಟ್ಟಿಸಿದ್ದು, ಮೊರಿಸ್ಕೋಗಳು ಹೋದ ಮೇಲೆ 1612ರಲ್ಲಿ ಅದನ್ನು ಕೆಡವಲಾಯಿತು. ಉಳಿದಿರುವ ಕಮಾನುಗಳ ಮೇಲೆ ಹತ್ತಬೇಡಿ.

ಮರಿಯೋಲಾ ಬೆಟ್ಟದಲ್ಲೂ ಇಂಥದೇ ಒಂದು ಎಚ್ಚರಿಕೆ. ಆಗ್ರೆಸ್ ಊರಿನ ಮೇಲಿರುವ ಕಾವಾ ಗ್ರಾನ್ ಹಿಂದೆ ಹಿಮ ತುಂಬಿಟ್ಟು ಬೇಸಿಗೆಯಲ್ಲಿ ಊರುಗಳಿಗೆ ಮಾರುತ್ತಿದ್ದ ಆಳವಾದ ಗುಂಡಿ. ಮೇಲೆ ಕಲ್ಲಿನ ಕಮಾನು ಉಳಿದಿದೆ, ಮಾಡು ಇಲ್ಲ. ಇಂಥ ಹಿಮದ ಗುಂಡಿಗಳು ಈ ಬೆಟ್ಟಗಳಲ್ಲಿ ಅಲ್ಲಲ್ಲಿವೆ, ಎಷ್ಟೋ ಕಡೆ ಪೊದೆ ಮುಚ್ಚಿಕೊಂಡಿದೆ. ಅಂಚಿಗೆ ಹೋಗಿ ಬಗ್ಗಿ ನೋಡಬೇಡಿ.

ದಾರಿಯ ಗುರುತು

ಬಿಳಿ ಕೆಂಪು ಪಟ್ಟಿ ದೂರದ ದಾರಿಗೆ, ಬಿಳಿ ಹಳದಿ ಒಂದು ದಿನದ ದಾರಿಗೆ, ಬಿಳಿ ಹಸಿರು ಊರಿನ ಆಸುಪಾಸಿನ ಸಣ್ಣ ದಾರಿಗೆ. ಅದೇ ಬಣ್ಣದಲ್ಲಿ ಗುಣಾಕಾರದ ಗುರುತು ಕಂಡರೆ ಆ ಕಡೆ ಹೋಗಬಾರದು ಎಂದರ್ಥ. ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟ ಸಣ್ಣ ಗುಪ್ಪೆಗಳೂ ದಾರಿಯ ಗುರುತೇ. ಅವನ್ನು ಕೆಡವಬೇಡಿ, ಚೆಂದಕ್ಕೆಂದು ಹೊಸದು ಕಟ್ಟಲೂ ಬೇಡಿ; ನಿಮ್ಮ ಗುಪ್ಪೆ ನಂಬಿ ಮಂಜು ಕವಿದ ದಿನ ಯಾರೋ ಪ್ರಪಾತದ ಕಡೆ ನಡೆದಾರು. ದಾರಿ ಹಂಚಿಕೊಳ್ಳುವ ವಿಕಿಲಾಕ್ ಆ್ಯಪ್‌ನಲ್ಲಿ ಸಿಕ್ಕಿದ ಅಡ್ಡದಾರಿ ತೋರಿಸಿ ‘ಇಲ್ಲಿ ಹತ್ತಿರ ಆಗುತ್ತೆ’ ಎಂದು ವಾದಿಸಬೇಡಿ. ಅದನ್ನು ಹಾಕಿದವರು ಬಂಡೆ ಹತ್ತುವವರೋ, ಬೆಟ್ಟದಲ್ಲಿ ಓಡುವವರೋ, ಬಲ್ಲವರಾರು?

ಟಾರು ರಸ್ತೆಯಲ್ಲಿ ನಡೆಯಬೇಕಾದಾಗ ಎಡಬದಿಯಲ್ಲಿ, ಎದುರಿನಿಂದ ಬರುವ ವಾಹನಗಳಿಗೆ ಮುಖಮಾಡಿ, ಒಬ್ಬರ ಹಿಂದೊಬ್ಬರು ನಡೆಯಿರಿ. ಇಲ್ಲಿ ವಾಹನಗಳು ಬಲಬದಿಯಲ್ಲಿ ಓಡುತ್ತವೆ. ಊರಿನ ಅಭ್ಯಾಸದಲ್ಲಿ ತಪ್ಪು ಕಡೆ ನೋಡಿ ರಸ್ತೆ ದಾಟುವವರು, ಮುಖ್ಯವಾಗಿ ಹೊಸದಾಗಿ ಬಂದ ಹಿರಿಯರು, ಪಕ್ಕದವರ ಕೈ ಹಿಡಿದುಕೊಳ್ಳಲಿ.

ಬೇಟೆಯ ದಿನ

ಚಳಿಗಾಲ ಬೇಟೆಯ ಕಾಲವೂ ಹೌದು. ಮೊಲ, ಕೌಜುಗ, ಕಾಡುಹಂದಿ ಹೊಡೆಯಲು ಪರವಾನಗಿ ಇರುವವರು ಭಾನುವಾರಗಳಲ್ಲೇ ಹೆಚ್ಚು ಬರುತ್ತಾರೆ. ಅವರು ಕಾನೂನಿನಂತೆ ಬಂದವರು, ನಮ್ಮಷ್ಟೇ ಹಕ್ಕು ಅವರಿಗೂ ಇದೆ. ಬೇಟೆ ಸರಿಯೋ ತಪ್ಪೋ ಎಂಬ ವಾದವನ್ನು ಬಂದೂಕು ಹಿಡಿದವರ ಜೊತೆ ಬೆಟ್ಟದ ಮೇಲೆ ತೆಗೆಯಬೇಡಿ. ಕರ್ಣರೇಖೆಯಲ್ಲಿ ಕಪ್ಪು ಬಿಳುಪಾಗಿ ಸೀಳಿದ ಸಣ್ಣ ತಗಡಿನ ಫಲಕ ಕಂಡರೆ ಅದು ಬೇಟೆಯ ಮೀಸಲು ಜಾಗ. ಅಲ್ಲಿ ದಾರಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಹೋಗಬೇಡಿ. ಕಾಡುಹಂದಿಯ ದೊಡ್ಡ ಬೇಟೆ ನಡೆಯುತ್ತಿದೆ ಎಂದು ದಾರಿಗೆ ಫಲಕ ನಿಲ್ಲಿಸಿದ್ದರೆ ತಂಡ ಅಲ್ಲಿಂದಲೇ ತಿರುಗುತ್ತದೆ.

ಖಾಕಿ, ಕಂದು, ಕಡುಹಸಿರು ಬಟ್ಟೆ ಬೇಡ. ಕಿತ್ತಳೆ ಅಥವಾ ಕಣ್ಣಿಗೆ ಹೊಡೆಯುವ ಹಳದಿ ಬಣ್ಣದ ಮೇಲಂಗಿ ಹಾಕಿ. ಗುಂಡಿನ ಸದ್ದು ಹತ್ತಿರ ಕೇಳಿದರೆ ಸುಮ್ಮನೆ ಅವಿತುಕೊಳ್ಳಬೇಡಿ, ಜೋರಾಗಿ ಮಾತಾಡಿ, ಕೂಗಿ, ನೀವಿರುವುದು ಅವರಿಗೆ ಗೊತ್ತಾಗಲಿ.

ಬೇರೆಯವರ ಹೊಲ

ನಾವು ನಡೆಯುವ ದಾರಿಯ ಎರಡೂ ಕಡೆ ಇರುವುದು ಯಾರದೋ ದುಡಿಮೆ. ಬೆಟ್ಟದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಗಾರೆಯಿಲ್ಲದೆ ಬರಿಗಲ್ಲು ಜೋಡಿಸಿ ಕಟ್ಟಿದ ಗೋಡೆಗಳು ಮಣ್ಣನ್ನು ಹಿಡಿದಿಟ್ಟಿವೆ. ಈ ಕಲ್ಲುಕಟ್ಟುವ ವಿದ್ಯೆಯನ್ನು 2018ರಲ್ಲಿ ಯುನೆಸ್ಕೋ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆಗ ಸ್ಪೇನೂ ಸೇರಿ ಯುರೋಪಿನ ಎಂಟು ದೇಶಗಳ ಹೆಸರಿನಲ್ಲಿ ಅದು ದಾಖಲಾಯಿತು. ಅಡ್ಡದಾರಿಗೆಂದು ಗೋಡೆ ಹತ್ತಿ ಇಳಿಯುವವರು ಒಂದು ಕಲ್ಲು ಜಾರಿಸಿದರೆ ಮುಂದಿನ ಮಳೆಗೆ ನಾಲ್ಕು ಅಡಿ ಗೋಡೆ ಕುಸಿಯುತ್ತದೆ. ಅದನ್ನು ಮತ್ತೆ ಕಟ್ಟಬೇಕಾದವರು ಎಪ್ಪತ್ತು ದಾಟಿದ ರೈತರು. ಮಕ್ಕಳು ಪಟ್ಟಣ ಸೇರಿದ್ದಾರೆ. ಗೋಡೆ ಹತ್ತುವುದು ನಿಷಿದ್ಧ.

ಜನವರಿ ಕೊನೆಯಿಂದ ಶಲೋ ಕಣಿವೆಯಲ್ಲಿ ಬಾದಾಮಿ ಹೂ ಬಿಡುತ್ತದೆ. ಎಲೆ ಮೂಡುವ ಮೊದಲೇ ಬರಿಗೊಂಬೆಯ ತುಂಬ ಬಿಳಿ, ನಸುಗೆಂಪು ಹೂ. ನೋಡಿ, ಫೋಟೋ ತೆಗೆಯಿರಿ, ಕೊಂಬೆ ಜಗ್ಗಬೇಡಿ, ಮುರಿಯಬೇಡಿ, ಮುಡಿಗೆ ಕೀಳಬೇಡಿ. ಉಳುಮೆ ಮಾಡಿದ ಸಾಲಿನೊಳಗೆ ಕಾಲಿಡಬೇಡಿ. ಈ ರೈತರು ಈಗಾಗಲೇ ಸಾಕಷ್ಟು ಅನುಭವಿಸಿದ್ದಾರೆ. 2017ರಲ್ಲಿ ಗ್ವಾದಲೆಸ್ಟ್ ಊರಿನ ಬಾದಾಮಿಯಲ್ಲಿ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾದ ರೋಗ ಪತ್ತೆಯಾದ ಮೇಲೆ, ಅದು ಹರಡದಿರಲೆಂದು ಸರ್ಕಾರ ಸಾವಿರಾರು ಬಾದಾಮಿ ಮರಗಳನ್ನು ಬೇರುಸಹಿತ ಕೀಳಿಸಿತು. ಅಜ್ಜ ನೆಟ್ಟ ಮರ ಕಣ್ಣೆದುರೇ ಹೋದವರು ಇಲ್ಲಿದ್ದಾರೆ. ಉಳಿದದ್ದರಲ್ಲಿ ಒಂದು ರೆಂಬೆಯನ್ನೂ ನಾವು ಮುರಿಯುವುದಿಲ್ಲ.

ನೆಲಕ್ಕೆ ಬಿದ್ದ ಕಿತ್ತಳೆ, ಬಾದಾಮಿ, ಆಲಿವ್ ಕೂಡ ಹೆಕ್ಕಬಾರದು. ‘ಬಿದ್ದದ್ದು ತಾನೇ’ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ, ಬೆಳೆ ಕಳವು ಈ ಸೀಮೆಯ ರೈತರಿಗೆ ನಿಜವಾದ ತಲೆನೋವು. ರೈತರೇ ಕರೆದು ಕೈಗಿತ್ತರೆ ಎರಡೂ ಕೈಯಲ್ಲಿ ತೆಗೆದುಕೊಂಡು ಧನ್ಯವಾದ ಹೇಳಿ. ಗೇಟು ಹೇಗಿತ್ತೋ ಹಾಗೇ ಬಿಡಿ: ಮುಚ್ಚಿದ್ದನ್ನು ಮುಚ್ಚಿ, ತೆರೆದಿದ್ದನ್ನು ತೆರೆದೇ ಇಡಿ. ಕುರಿಮಂದೆ ಎದುರಾದರೆ ಇಳಿಜಾರಿನ ಕಡೆಗೆ ಸರಿದು ಸುಮ್ಮನೆ ನಿಲ್ಲಿ. ಮಂದೆಯ ನಾಯಿ ಬೊಗಳುತ್ತ ಬಂದರೆ ಓಡಬೇಡಿ, ಕೋಲೆತ್ತಬೇಡಿ, ಕಲ್ಲಿಗೆ ಬಗ್ಗಬೇಡಿ. ಮಂದೆಗೂ ನಿಮಗೂ ನಡುವೆ ದೂರ ಹೆಚ್ಚಿಸಿಕೊಳ್ಳುತ್ತ ನಿಧಾನವಾಗಿ ಹೋಗಿ.

ಎದುರಾದವರಿಗೆಲ್ಲ ನಮಸ್ಕಾರ ಹೇಳಲೇಬೇಕು. ಈ ಹಳ್ಳಿಗಳ ಮನೆಮಾತು ವಲೆನ್ಸಿಯನ್. ‘ಬೋನ್ ದೀಯಾ’ ಎಂದರೆ ಮುಖ ಅರಳುತ್ತದೆ, ‘ಬ್ವೆನೋಸ್ ದಿಯಾಸ್’ ಎಂದರೂ ಸಂತೋಷವೇ. ಯಾರಾದರೂ ಊಟ ಮಾಡುತ್ತಿರುವುದು ಕಂಡರೆ ‘ಬೋನ್ ಪ್ರೋಫಿತ್’ ಎಂದು ಹೇಳಿ ಮುಂದೆ ಹೋಗಿ. ಹಳ್ಳಿಯೊಳಗೆ ಬೆಳಿಗ್ಗೆ ಜೋರಾಗಿ ಮಾತಾಡಬೇಡಿ. ಸ್ಪೀಕರಿನಲ್ಲಿ ಹಾಡು ಹಾಕುವುದು ಎಲ್ಲೂ ಕೂಡದು. ವಾಲ್ ದೆ ಲಗ್ವಾರ್‌ನಲ್ಲಿ ಫೊಂತೀಲ್ಯೆಸ್ ಎಂಬ ಕುಷ್ಠರೋಗ ಆಸ್ಪತ್ರೆಯ ಸಮೀಪ ಹಾದು ಹೋಗುತ್ತೇವೆ. 1909ರಲ್ಲಿ ತೆರೆದ ಆ ಜಾಗವನ್ನು ಒಂದು ಕಾಲದಲ್ಲಿ ಹೆದರಿದ ನೆರೆಹೊರೆಯಿಂದ ಎತ್ತರದ ಗೋಡೆ ಬೇರ್ಪಡಿಸಿತ್ತು. ಅಲ್ಲಿಯ ಜನರ ಫೋಟೋ ತೆಗೆಯಬೇಡಿ.

ಪೈನ್ ಮರದ ಕಂಬಳಿಹುಳು

ಪೈನ್ ಮರಗಳ ತುದಿಯಲ್ಲಿ ಬಿಳಿ ರೇಷ್ಮೆಯ ಮುದ್ದೆಗಳು ಕಾಣುತ್ತವೆ. ಚಳಿಗಾಲ ಕಳೆಯಲು ಹುಳುಗಳು ಕಟ್ಟಿಕೊಂಡ ಗೂಡು ಅವು. ಫೆಬ್ರವರಿ, ಮಾರ್ಚ್ ಹೊತ್ತಿಗೆ ಒಂದರ ಬಾಲಕ್ಕೆ ಇನ್ನೊಂದು ತಲೆ ತಾಗಿಸಿಕೊಂಡು, ಹಗ್ಗದಂತೆ ಉದ್ದಕ್ಕೆ, ದಾರಿಗೆ ಅಡ್ಡಲಾಗಿ ಮೆರವಣಿಗೆ ಹೋಗುತ್ತವೆ. ಮಕ್ಕಳು ನೋಡಿದ ಕೂಡಲೇ ಕಡ್ಡಿ ಹುಡುಕುತ್ತಾರೆ. ತಡೆಯಿರಿ. ಅವುಗಳ ಕೂದಲು ಗಾಳಿಗೆ ಉದುರಿದರೂ ಸಾಕು, ಚರ್ಮ ಉರಿದು ದದ್ದು ಏಳುತ್ತದೆ, ಕಣ್ಣಿಗೆ ಹೋದರೆ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಮೂಸಿದ, ನೆಕ್ಕಿದ ನಾಯಿಗಳ ನಾಲಿಗೆ ಕೊಳೆತು ಹೋಗುತ್ತದೆ, ಕೆಲವು ಸಾಯುತ್ತವೆ. ಆ ಎರಡು ತಿಂಗಳು ಪೈನ್ ಕಾಡಿನ ನಡಿಗೆಗಳಿಗೆ ನಾಯಿ ತರಬೇಡಿ. ಉಳಿದ ದಿನಗಳಲ್ಲೂ ಹಗ್ಗ ಬಿಚ್ಚುವಂತಿಲ್ಲ. ಹುಳು ತುಳಿಯಬೇಡಿ, ದಾಟಿ ಹೋಗಿ.

ಬೆಂಕಿ

ಬೆಟ್ಟದಲ್ಲಿ ಬೀಡಿ, ಸಿಗರೇಟು, ಕ್ಯಾಂಪ್ ಸ್ಟೌವ್, ಒಂದು ಲೋಟ ಚಹಾಕ್ಕೆಂದು ಹಚ್ಚುವ ಪುಟ್ಟ ಬೆಂಕಿ, ಯಾವುದೂ ಇಲ್ಲ. ಚಹಾ ಬೇಕಾದವರು ಫ್ಲಾಸ್ಕಿನಲ್ಲಿ ತನ್ನಿ. 2022ರ ಆಗಸ್ಟ್‌ನಲ್ಲಿ ವಾಲ್ ದೆಬೋ ಕಣಿವೆಯಲ್ಲಿ ಸಿಡಿಲಿಗೆ ಹತ್ತಿದ ಬೆಂಕಿ ಸುಮಾರು 12,000 ಹೆಕ್ಟೇರ್ ನೆಲವನ್ನು ಸುಟ್ಟಿತು. ಆ ಜಾಗಗಳಲ್ಲಿ ನಾವು ನಡೆಯುತ್ತೇವೆ. ಸುಟ್ಟು ನಿಂತ ಮರಗಳ ಬುಡದಲ್ಲಿ ವಿಶ್ರಾಂತಿಗೆ ಕೂರಬೇಡಿ, ಗಾಳಿಗೆ ಯಾವಾಗ ಬೀಳುತ್ತವೆಂದು ಹೇಳಲಾಗದು. ವಲೆನ್ಸಿಯಾ ಸರ್ಕಾರ ಕಾಳ್ಗಿಚ್ಚಿನ ಅಪಾಯವನ್ನು ದಿನವೂ ಮೂರು ಮಟ್ಟಗಳಲ್ಲಿ ಸಾರುತ್ತದೆ. ಒಣ ಪಡುಗಾಳಿ ಬೀಸಿದರೆ ಚಳಿಗಾಲದಲ್ಲೂ ಮೂರನೇ ಮಟ್ಟ ಮುಟ್ಟಬಹುದು. ಆ ದಿನ ನಡಿಗೆ ಇಲ್ಲ.

ಬುತ್ತಿ

ಹತ್ತೂವರೆಗೆ ಅರ್ಧ ಗಂಟೆ ನಿಲ್ಲುತ್ತೇವೆ. ಆ ಹೊತ್ತಿಗೆ ಇಡೀ ಸೀಮೆ ಕೆಲಸ ನಿಲ್ಲಿಸಿ ತಿನ್ನುತ್ತದೆ, ನಾವೂ ತಿನ್ನುತ್ತೇವೆ. ಚಪಾತಿ ಪಲ್ಯ, ಪುಳಿಯೋಗರೆ, ಅವಲಕ್ಕಿ ಏನೇ ತನ್ನಿ, ಹಂಚಿಕೊಂಡು ತಿನ್ನಿ. ಹಪ್ಪಳದಿಂದ ಹಿಡಿದು ಉಪ್ಪಿನಕಾಯಿಯವರೆಗೆ ಎಲ್ಲಕ್ಕೂ ಇಲ್ಲಿಯ ಸ್ನೇಹಿತರು ಕೈಚಾಚುತ್ತಾರೆ. ನಡಿಗೆ ಮುಗಿದ ಮೇಲೆ ಹಳ್ಳಿಯ ಬಾರಿನಲ್ಲಿ ಊಟ. ಆ ಬಾರು ಹಳ್ಳಿಯವರ ಮನೆಯಂಗಳ ಇದ್ದಂತೆ: ಕೆಸರು ಮೆತ್ತಿದ ಬೂಟು ಹೊರಗೇ ಕೊಡವಿ ಒಳಗೆ ಬನ್ನಿ, ಹೊರಗಿನ ಬುತ್ತಿಯನ್ನು ಅವರ ಮೇಜಿನ ಮೇಲೆ ಬಿಚ್ಚಬೇಡಿ, ಏನೂ ಕೊಳ್ಳದೆ ಬರೀ ಶೌಚಾಲಯ ಬಳಸಿ ಹೋಗಬೇಡಿ. ಮೇಜು ಹಿಡಿಸಲು ಎಷ್ಟು ಜನ ಎಂದು ಶುಕ್ರವಾರವೇ ಹೇಳಿರುತ್ತೇವೆ. ಹೇಳಿದಷ್ಟು ಜನ ಊಟಕ್ಕೆ ಕೂರಬೇಕು.

ಸಸ್ಯಾಹಾರಿಗಳು ಗಮನಿಸಿ. ‘ಮಾಂಸ ಬೇಡ’ ಎಂದರೆ ಇಲ್ಲಿ ಸಾಲದು. ಸಲಾಡಿನ ಮೇಲೆ ಟ್ಯೂನಾ ಮೀನು ಬರುತ್ತದೆ, ಬೇಳೆಯ ಸಾರಿನಲ್ಲಿ ಹಂದಿಮಾಂಸದ ಚೊರೀಸೊ ಇರುತ್ತದೆ, ತರಕಾರಿಯ ಮೇಲೆ ಹಂದಿಮಾಂಸದ ಹಾಮೋನ್ ಚೂರು ಉದುರಿಸಿರುತ್ತಾರೆ. ‘ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಅತುನ್’ ಎಂದು ಮೂರನ್ನೂ ಬಿಡಿಸಿ ಹೇಳಿ, ಮೇಜು ಹಿಡಿಸುವಾಗಲೇ ತಿಳಿಸಿ. ತಟ್ಟೆ ಬಂದ ಮೇಲೆ ಅಡುಗೆಯವರ ಮೇಲೆ ಕೋಪ ಮಾಡಿಕೊಳ್ಳಬಾರದು.

ಏನಾದರೂ ಆದರೆ

ಬಿದ್ದವರನ್ನು ಕೂಡಲೇ ಎಬ್ಬಿಸಿ ನಿಲ್ಲಿಸಬೇಡಿ. ಮಾತಾಡಿಸಿ, ಬೆಚ್ಚಗೆ ಹೊದಿಸಿ, ಅವರ ಕೆಳಗೂ ಏನಾದರೂ ಹಾಸಿ. ಚಳಿ ನೆಲದಿಂದ ಏರುತ್ತದೆ. ಒಬ್ಬರೇ ತುರ್ತು ಸಂಖ್ಯೆ 112ಕ್ಕೆ ಫೋನು ಮಾಡಿ, ಹತ್ತು ಜನ ಮಾಡಬೇಡಿ. ಇಂಗ್ಲಿಷಿನಲ್ಲೂ ಉತ್ತರಿಸುತ್ತಾರೆ. ಮೊದಲು ಊರು, ದಾರಿಯ ಸಂಖ್ಯೆ, ಫೋನಿನಲ್ಲಿ ಕಾಣುವ ಅಕ್ಷಾಂಶ ರೇಖಾಂಶ ಹೇಳಿ, ಆಮೇಲೆ ಗಾಯ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಇರುವಲ್ಲಿ 112 ಹೋಗುತ್ತದೆ. ಕೊರಕಲಿನ ತಳದಲ್ಲಿ ಯಾವುದೂ ಇರುವುದಿಲ್ಲ. ಆಗ ಇಬ್ಬರು ಒಟ್ಟಿಗೆ ಎತ್ತರಕ್ಕೆ ಹತ್ತಬೇಕು, ಗಾಯಾಳುವಿನ ಜೊತೆ ಜನ ಉಳಿಯಲೇಬೇಕು. ಸೀಟಿಯ ಸಂಕೇತ ನಿಮಿಷಕ್ಕೆ ಆರು ಸಲ, ಆಮೇಲೆ ಒಂದು ನಿಮಿಷ ಬಿಡುವು, ಮತ್ತೆ ಆರು. ಆಟಕ್ಕೆ ಸೀಟಿ ಊದುವುದು ಮಕ್ಕಳಿಗೂ ಕೂಡದು. ಹೆಲಿಕಾಪ್ಟರ್ ಬಂದರೆ ಟೋಪಿ, ಚೀಲ, ಹೊದಿಕೆ ಎಲ್ಲ ಹಿಡಿದುಕೊಂಡು ಕುಳಿತುಕೊಳ್ಳಿ. ಎರಡೂ ಕೈ ಮೇಲೆತ್ತಿದರೆ ನೆರವು ಬೇಕೆಂದು, ಒಂದೇ ಕೈ ಎತ್ತಿದರೆ ಬೇಡವೆಂದು ಅರ್ಥ. ಸುಮ್ಮನೆ ಕೈ ಬೀಸಬೇಡಿ. ಗಾಯಾಳುವಿನ ಫೋಟೋ ತೆಗೆದು ಯಾರಿಗೂ ಕಳಿಸಬೇಡಿ. ಮನೆಯವರಿಗೆ ತಿಳಿಸುವುದು ಮುಂದಾಳಿನ ಕೆಲಸ.

ಮುಂದಾಳು ‘ಇಲ್ಲಿಗೆ ಸಾಕು, ತಿರುಗೋಣ’ ಎಂದರೆ ಅದೇ ಕೊನೆಯ ಮಾತು. ತುದಿ ನೂರು ಮೀಟರ್ ದೂರದಲ್ಲಿ ಕಾಣುತ್ತಿದ್ದರೂ ತಿರುಗಬೇಕು. ಅಸಮಾಧಾನವಿದ್ದರೆ ಊಟದ ಮೇಜಿನಲ್ಲಿ ಹೇಳಿ, ಕೇಳುತ್ತೇವೆ.

ಮರಳಿ ಬಂದ ಮೇಲೆ ಚೌಕದಲ್ಲಿ ಮತ್ತೆ ತಲೆ ಎಣಿಸುತ್ತೇವೆ. ಹೆಸರು ಕರೆದಾಗ ನೀವೇ ಓಗೊಡಿ, ಗಂಡನ ಪರವಾಗಿ ಹೆಂಡತಿ, ಸ್ನೇಹಿತನ ಪರವಾಗಿ ಸ್ನೇಹಿತ ಓಗೊಡುವುದು ಬೇಡ. ಉಣ್ಣಿ ಹತ್ತಿದೆಯೇ ಎಂದು ಮೊಣಕಾಲಿನ ಹಿಂದೆ, ಸೊಂಟದ ಸುತ್ತ ಮನೆಗೆ ಹೋಗಿ ನೋಡಿಕೊಳ್ಳಿ, ಮಕ್ಕಳ ತಲೆಗೂದಲೊಳಗೂ ನೋಡಿ. ಟ್ರ್ಯಾಕ್ಟರ್ ಹೋಗುವ ಜಾಗಕ್ಕೆ ಅಡ್ಡವಾಗಿ ನಿಂತ ಕಾರು ನಮ್ಮ ತಂಡದ್ದಾಗಿದ್ದರೆ ಅದರವರು ಮುಂದಿನ ನಡಿಗೆಗೆ ಬರುವಂತಿಲ್ಲ. ಎಲ್ಲರ ಕಾರೂ ಸ್ಟಾರ್ಟ್ ಆಗುವವರೆಗೆ ಯಾರೂ ಹೊರಡಬೇಡಿ.